ಕುರಿಯ ಗುಳಿಗೆ

ಹಲಬರ್ಗಾ
9 ಫೆಬ್ರವರಿ 2003

ತಂಗೆಮ್ಮನ ಅಪ್ಪನವರಿಗೆ ಪುತಳಾಬಾಯಿಯ ನಮಸ್ಕಾರ.

ಚಾಂದ ಪಾಶಾ ಕಾಕಾ ಕುರಿಮರಿ ಕೊಳ್ಳಲು ನಾಳೆ ನೀವು ಕುರಿ ಮೇಯಿಸುತ್ತಿರುವ ಬಿಡಾರದ ಕಡೆ ಹೊರಟಿದ್ದಾರೆ. ಅವರ ಕೈಯಲ್ಲಿ ಈ ಕಾಗದವನ್ನೂ ಊಟಕ್ಕೆ ನೆಂಚಿಕೊಳ್ಳಲು ಒಂದು ಗಂಟು ಶೇಂಗಾ ಹಿಂಡಿಯನ್ನೂ ಕಳಿಸಿದ್ದೇನೆ. ಹಿಂಡಿಯನ್ನು ಮೈದುನ ಮಡೆಪ್ಪನಿಗೂ ಕೊಡಿ. ಕಾಗದವನ್ನು ಕೊಡಬೇಡಿ.

ಬೀದರಿಗೆ ಹೋಗಿ ಬಂದೆ. ಜನವಾಡದಿಂದ ಮಗಳು ತಂಗೆಮ್ಮನೇ ಬಂದು ಕರೆದುಕೊಂಡು ಹೋದಳು. ಹೋದ ವರ್ಷ ಭಾಲ್ಕಿಯ ದವಾಖಾನೆಗೆ ಹೋದಾಗ ನೀವು ಹೊರಗೆ ಬೇವಿನ ಗಿಡದ ಕೆಳಗೆ ಚಹಾ ಕುಡಿಯುತ್ತ ಕುಳಿತಿದ್ದಿರಿ. ತಂಗೆಮ್ಮ ಹಾಗೆ ಕುಳಿತುಕೊಳ್ಳಲಿಲ್ಲ, ನನ್ನ ಜೊತೆ ಒಳಗೆ ಬಂದಳು. ಇದು ಚುಚ್ಚುಮಾತಲ್ಲ. ಚುಚ್ಚುಮಾತೇ ಆಗಿದ್ದರೂ ನಿಮಗೆ ತಾಗುವುದಿಲ್ಲ, ನಿಮ್ಮ ಕಂಬಳಿ ದಪ್ಪ.

ಎಕ್ಸರೇ ತೆಗೆದರು, ರಕ್ತ ತೆಗೆದರು. ರಿಪೋರ್ಟು ಬರುವ ತನಕ ನಾನು ಬೆಂಚಿನ ಮೇಲೆ ಕುಳಿತು ಬೀರಪ್ಪನಲ್ಲಿ ಬೇಡಿಕೊಂಡದ್ದೇನು ಗೊತ್ತೇ? ಒಳಗೆ ಏನಾದರೂ ಮುರಿದಿರಲಿ, ಏನಾದರೂ ಕೆಟ್ಟಿರಲಿ ಎಂದು. ಇಂಥ ಹರಕೆ ಯಾವ ಹೆಣ್ಣೂ ಹೊತ್ತಿರಲಿಕ್ಕಿಲ್ಲ. ಎಲ್ಲವೂ ಸರಿಯಾಗಿದೆ ಎಂದು ಬಂತು. ಹೆಗಲಿನಿಂದ ಹಿಮ್ಮಡಿಯವರೆಗೆ ಮೈ ಸುಡುತ್ತಿದೆ, ಕಾಗದದ ಮೇಲೆ ಏನೂ ಇಲ್ಲ. ಬರಿಗೈಯಲ್ಲಿ ಮನೆಗೆ ಹೋಗಿ ನಿಮ್ಮ ಅವ್ವನ ಮುಂದೆ ಹೇಗೆ ನಿಲ್ಲಲಿ ಎಂದು ನನಗೆ ಅಲ್ಲೇ ನಾಚಿಕೆಯಾಯಿತು.

ಆಮೇಲೆ ಡಾಕ್ಟರಬಾಯಿ ಎದ್ದು ಬಂದು ನನ್ನ ಕುತ್ತಿಗೆ, ಹೆಗಲು, ಮೊಳಕೈ, ಸೊಂಟ, ಮೊಳಕಾಲು ಎಲ್ಲ ಕಡೆ ಬೆರಳಿನಿಂದ ಒತ್ತಿ ನೋಡಿದರು. ಒತ್ತಿದಲ್ಲೆಲ್ಲ ಚೀರಿದೆ. "ಇದು ಸುಳ್ಳ ನೋವು ಅಲ್ಲರಿ. ಎಕ್ಸರೇದಾಗ ಕಾಣಂಗಿಲ್ಲ, ಅಷ್ಟ" ಎಂದರು. ಫೈಬ್ರೋಮಯಾಲ್ಜಿಯಾ ಎಂದು ಅದರ ಹೆಸರು. ತಂಗೆಮ್ಮ ಚೀಟಿಯ ಹಿಂದೆ ಕನ್ನಡದಲ್ಲಿ ಬರೆದುಕೊಟ್ಟಳು, ಅದಕ್ಕೇ ನನಗೆ ಬರೆಯಲು ಬಂತು. ನರಗಳು ಸಣ್ಣ ನೋವನ್ನೂ ದೊಡ್ಡದು ಮಾಡಿ ತಲೆಗೆ ಹೇಳುತ್ತವಂತೆ. ಹಳೆಯ ನೋವಿನ ಗುಳಿಗೆಗಳನ್ನು ಪೂರ್ತಿ ಬಿಡಬೇಕಂತೆ, ಅವು ಈ ನೋವಿಗೆ ನಾಟುವುದಿಲ್ಲ, ಹೊಟ್ಟೆ ಸುಡುತ್ತವೆ. ಅವುಗಳ ಬದಲು ಮಲಗುವ ಮುಂಚೆ ಒಂದು ಸಣ್ಣ ಗುಳಿಗೆ ಬರೆದುಕೊಟ್ಟರು. "ಇಷ್ಟು ದಿವಸ ಯಾವ ಗುಳಗಿ ತಗೊಂಡೀರಿ?" ಎಂದು ಕೇಳಿದರು. ಅಂಗಡಿಯದು ಎಂದೆ. ಅದೇನೂ ಸುಳ್ಳಲ್ಲ.

ಹೊರಗೆ ಮೆಡಿಕಲ್ ಅಂಗಡಿಯವನು ಚೀಟಿ ನೋಡಿ, "ಅಕ್ಕೋರೆ, ಇದು ತಲಿ ಗುಳಗಿ ಅದರಿ. ಮನಸ್ಸು ಕೆಟ್ಟವ್ರಿಗಿ ಕೊಡ್ತಾರ. ಯಾರಿಗ್ರಿ?" ಎಂದ. ನಾಲ್ಕು ಜನ ತಿರುಗಿ ನೋಡಿದರು. "ನಮ್ ಅತ್ತಿ ಸಲುವಾಗಿರಿ" ಎಂದುಬಿಟ್ಟೆ. ದೇವರು ಕ್ಷಮಿಸಲಿ. ಅತ್ತೆಯವರು ಕ್ಷಮಿಸಲಿಕ್ಕಿಲ್ಲ, ಅದಕ್ಕೇ ಅವರಿಗೆ ಹೇಳಿಲ್ಲ. ಗುಳಿಗೆಯನ್ನು ಇಂಗಿನ ಡಬ್ಬಿಯಲ್ಲಿ ಬಚ್ಚಿಟ್ಟಿದ್ದೇನೆ.

ಉತ್ತರ ಬರೆಯಿರಿ. ನೋವು ಹೇಗಿದೆ ಎಂದು ಕೇಳಿದರೂ ಸಾಕು.

ನಿಮ್ಮ ಮನೆಯಾಕೆ
ಪುತಳಾ


ಆಂಧ್ರದ ಬೋಧನದ ಕಡೆ, ಮಂಜೀರಾ ದಂಡೆ
27 ಫೆಬ್ರವರಿ 2003

ಪುತಳಾ,

ಹಿಂಡಿ ಮುಟ್ಟಿತು, ಕಾಗದ ಮುಟ್ಟಿತು. ಮಡೆಪ್ಪನಿಗೆ ಹಿಂಡಿ ಮಾತ್ರ ಕೊಟ್ಟೆ.

ಇಲ್ಲಿ ನದಿಯಲ್ಲಿ ನೀರು ಅಲ್ಲಲ್ಲಿ ಗುಂಡಿಗಳಲ್ಲಿ ನಿಂತಿದೆ. ನಮ್ಮ ಕಡೆ ಅಷ್ಟೂ ಇಲ್ಲವಲ್ಲ. ಗದ್ದೆಯವರು ಗೊಬ್ಬರಕ್ಕಾಗಿ ಕುರಿ ನಿಲ್ಲಿಸಲು ಕರೆಯುತ್ತಾರೆ, ಬದಲಿಗೆ ಅಕ್ಕಿ ಕೊಡುತ್ತಾರೆ. ಅನ್ನ ತಿಂದು ತಿಂದು ಕನಸಿನಲ್ಲಿ ಜೋಳದ ರೊಟ್ಟಿ ಬರುತ್ತಿದೆ.

ಹಸಿ ನೆಲದಲ್ಲಿ ನಿಂತು ಕುರಿಗಳ ಗೊರಸು ಕೆಟ್ಟಿದೆ. ನಮ್ಮ ದೊಡ್ಡ ಟಗರು ಮುಂಗಾಲು ಎತ್ತಿಕೊಂಡೇ ನಡೆಯುತ್ತಿತ್ತು. ನೋವಿನ ಗುಳಿಗೆ ಅರೆದು ಕುಡಿಸೋಣವೆಂದು ಔಷಧದ ಡಬ್ಬಿ ತೆರೆದರೆ ತಳ ಕಾಣಿಸಿತು. ಹೊರಡುವ ಮುಂಚೆ ಭಾಲ್ಕಿಯ ಗುಲಾಮ ರಸೂಲ ತುಂಬಿಸಿ ಕೊಟ್ಟ ಡಬ್ಬಿ ಅದು, ಆಮೇಲೆ ತೆರೆದೇ ಇರಲಿಲ್ಲ. ದನಕುರಿಗಳ ಔಷಧಕ್ಕೆ ನಮ್ಮವರಿಗೆ ಅವನ ಅಂಗಡಿಯೇ ಅಂಗಡಿ. ಅಲ್ಲಿ ಕುರುಬರು ಯಾರೂ ಗುಳಿಗೆ ಎಣಿಸಿ ತೆಗೆದುಕೊಳ್ಳುವುದಿಲ್ಲ. ನಮ್ಮ ಅಪ್ಪನೂ ಎಣಿಸಲಿಲ್ಲ. ಎಣಿಸಿದರೆ ಅವನ ಮುಖಕ್ಕೆ ಹೊಡೆದ ಹಾಗೆ ಎಂದು ಅಪ್ಪ ಹೇಳುತ್ತಿದ್ದ. ಅಂಥ ನಂಬಿಕೆಗೆ ಈ ಮನುಷ್ಯ ಹೀಗೆ ಮಣ್ಣು ಹಾಕಿದ. ಟಗರನ್ನು ಚಾಂದ ಪಾಶಾನಿಗೆ ಕೊಟ್ಟುಬಿಟ್ಟೆ. ಹಿಂದೆ ಬಿದ್ದ ಕುರಿಯನ್ನು ಎಷ್ಟು ದಿನ ಎಳೆದುಕೊಂಡು ಹೋಗಲು ಆಗುತ್ತದೆ? ಸುತ್ತಲಿನ ಭಾಲ್ಕಿ, ಔರಾದ ಕಡೆಯ ಎಲ್ಲ ಬಿಡಾರಗಳಿಗೂ ಹೇಳಿದ್ದೇನೆ, ಗುಲಾಮ ರಸೂಲ ಕಳ್ಳನೆಂದು.

ತಲೆ ಗುಳಿಗೆಯ ಮಾತು ಯಾರ ಮುಂದೆಯೂ ಎತ್ತಬೇಡ. ಔರಾದದವರು ಮಡೆಪ್ಪನಿಗೆ ಹುಡುಗಿ ಕೊಡಲು ಮನಸ್ಸು ಮಾಡಿದ್ದಾರೆ. ಹಿರಿಯ ಸೊಸೆಗೆ ತಲೆ ಸರಿಯಿಲ್ಲ ಎಂಬ ಸುದ್ದಿ ಅಲ್ಲಿಗೆ ಹೋದರೆ ಕೆಲಸ ಕೆಟ್ಟಿತು. ಏನೂ ಇಲ್ಲವೆಂದು ಎಕ್ಸರೇದವರೇ ಹೇಳಿದ ಮೇಲೆ ಗುಳಿಗೆ ಯಾಕೆ?

ಹಣಮಂತಪ್ಪ


ಹಲಬರ್ಗಾ
16 ಮಾರ್ಚ್ 2003

ತಂಗೆಮ್ಮನ ಅಪ್ಪನವರಿಗೆ,

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಟಗರು ಹೋಯಿತೆಂದು ಓದಿ ಸಂಕಟವಾಯಿತು. ಅದನ್ನು ಮರಿಯಾಗಿದ್ದಾಗ ನಾನೇ ಬಟ್ಟಲಲ್ಲಿ ಹಾಲು ಕುಡಿಸಿ ಸಾಕಿದ್ದೆ.

ಊರಲ್ಲಿ ಅರ್ಧ ಮನೆಗಳಿಗೆ ಬೀಗ ಬಿದ್ದಿದೆ. ಕೈಕಾಲು ಗಟ್ಟಿ ಇದ್ದವರು ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋದರು. ಉಳಿದವರು ಮುದುಕಿಯರು ಮತ್ತು ನಾನು. ಟ್ಯಾಂಕರ್ ಬಂದಾಗ ನಿಮ್ಮ ಅವ್ವನೇ ಕೊಡ ಹೊರುತ್ತಾರೆ, ನಾನು ಹಿಂದೆ ಚಿಕ್ಕ ತಂಬಿಗೆ ಹಿಡಿದು ನಡೆಯುತ್ತೇನೆ. "ನೋಡ್ಲಿಕ್ಕಿ ಗಟ್ಟಿಮುಟ್ಟ ಅದಾಳ, ಮುದುಕಿ ಕೈಲಿ ನೀರ ಹೊರಸ್ತಾಳ" ಎಂದು ಸಾಲಿನಲ್ಲಿದ್ದವಳೊಬ್ಬಳು ನನಗೆ ಕೇಳಿಸುವಷ್ಟೇ ಮೆಲ್ಲಗೆ ಅಂದಳು. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಬರಗಾಲಕ್ಕೆ ನೆಲ ಬಾಯಿ ಬಿಟ್ಟೇ ಇದೆ, ನನ್ನನ್ನು ಮಾತ್ರ ನುಂಗುವುದಿಲ್ಲ.

ಹೊಸ ಗುಳಿಗೆ ನುಂಗಿದ ಮೊದಲ ವಾರ ಬಾಯಿ ಒಣಗುತ್ತಿತ್ತು, ಬೆಳಿಗ್ಗೆ ಕಣ್ಣು ತೆರೆಯಲು ಆಗುತ್ತಿರಲಿಲ್ಲ. ಆಮೇಲೊಂದು ದಿನ ಎದ್ದಾಗ ಮೈ ಹಗುರವಾಗಿತ್ತು. ಎಷ್ಟೋ ವರ್ಷದ ಮೇಲೆ ನಿದ್ದೆ ನಿದ್ದೆಯ ಹಾಗೆ ಬಂದಿತ್ತು. ಸಂತೋಷಕ್ಕೆ ಅಂಗಳ ಗುಡಿಸಿದೆ. ಆದರೆ ಹೊತ್ತೇರುವ ತನಕ ಮಲಗಿದೆನೆಂದು ಅತ್ತೆಯವರಿಗೆ ಸಿಟ್ಟು. ಅದೇ ವಾರ ಇಂಗಿನ ಡಬ್ಬಿಯೂ ಅವರ ಕೈಗೆ ಸಿಕ್ಕಿತು. "ಕುಣೀಲಿಕ್ಕಿ ಬರಲಾರದಾಕಿ ಅಂಗಳ ಡೊಂಕ ಅಂದ್ಲಂತ. ದುಡೀಲಿಕ್ಕಿ ಬ್ಯಾಡಾಗಿ ಹುಚ್ಚಿನ ಗುಳಗಿ ನುಂಗ್ಲತ್ತೀ ಏನು?" ಎಂದರು. ನೀವೂ ಯಾಕೆ ಎಂದು ಕೇಳಿದ್ದಿರಿ. ಬಿಟ್ಟುಬಿಟ್ಟೆ.

ನಾನು ಹೇಗೋ ನಡೆಸುತ್ತೇನೆ, ಚಿಂತೆ ಬೇಡ. ಗುಲಾಮ ರಸೂಲ ಸೇಠರನ್ನು ಮಾತ್ರ ಬೈಯಬೇಡಿ. ದಾರಿಯಲ್ಲಿ ಡಬ್ಬಿ ಉರುಳಿ ಗುಳಿಗೆ ಚೆಲ್ಲಿರಬಹುದು.

ಪುತಳಾ


ಬೋಧನದ ಕಡೆ
2 ಏಪ್ರಿಲ್ 2003

ಪುತಳಾ,

ಚೆಲ್ಲಿದ್ದರೆ ಚೀಲದಲ್ಲಾದರೂ ಸಿಗಬೇಕಿತ್ತು. ನೀನು ಕುರಿ ಕಾಯ್ದವಳಲ್ಲ, ಈ ವಿಷಯ ನನಗೆ ಬಿಡು.

ಗುಲಾಮ ರಸೂಲ ಚಾಂದ ಪಾಶಾನ ಕೈಯಲ್ಲಿ ಹೇಳಿ ಕಳಿಸಿದ್ದಾನೆ, ಬೇಕಾದ ಕಡೆ ನಿಂತು ಪ್ರಮಾಣ ಮಾಡುತ್ತೇನೆ ಎಂದು. ಪ್ರಮಾಣಕ್ಕೇನು, ತುಟಿ ಅಲುಗಿದರಾಯಿತು. ಈಗ ಭಾಲ್ಕಿಯಲ್ಲಿ ನಮ್ಮವರು ಅವನ ಅಂಗಡಿಯ ಕಟ್ಟೆಯ ಮೇಲೆ ಗುಳಿಗೆ ಸುರಿಸಿ, ಒಂದೊಂದೇ ಎಣಿಸಿಕೊಂಡು ಹೋಗುತ್ತಾರಂತೆ. ಎಷ್ಟೋ ಜನ ಹೋಗುವುದನ್ನೇ ಬಿಟ್ಟಿದ್ದಾರೆ. ಆತ ತಲೆ ತಗ್ಗಿಸಿಕೊಂಡು ಕುಳಿತಿರುತ್ತಾನಂತೆ. ತಪ್ಪಿಲ್ಲದವನು ತಲೆ ಯಾಕೆ ತಗ್ಗಿಸುತ್ತಾನೆ?

ಗುಳಿಗೆ ಬಿಟ್ಟದ್ದು ಒಳ್ಳೆಯದಾಯಿತು. ಅವ್ವನಿಗೆ ಎದುರು ಮಾತಾಡಬೇಡ.

ಹಣಮಂತಪ್ಪ


ಬೀದರ, ದವಾಖಾನೆ
11 ಮೇ 2003

ತಂಗೆಮ್ಮನ ಅಪ್ಪನವರಿಗೆ,

ಇದನ್ನು ಒಬ್ಬರೇ ಇದ್ದಾಗ ಓದಿ.

ನಾನು ಬದುಕಿದ್ದೇನೆ, ಅದನ್ನು ಮೊದಲು ಬರೆಯುತ್ತೇನೆ. ವಾರದ ಹಿಂದೆ ರೊಟ್ಟಿ ಬಡಿಯುತ್ತಿದ್ದಾಗ ಕಣ್ಣು ಕತ್ತಲಿಟ್ಟಿತು. ವಾಂತಿಯಲ್ಲಿ ರಕ್ತ ಬಂತು. ಅದಕ್ಕೂ ಮುಂಚೆ ಕೆಲವು ದಿನದಿಂದ ಮಲ ಕರ್ರಗೆ ಹೋಗುತ್ತಿತ್ತು, ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ. ನಿಮ್ಮ ಅವ್ವನೇ ಜೀಪು ಮಾಡಿಸಿ ಇಲ್ಲಿಗೆ ತಂದು ಹಾಕಿದರು. ಎರಡು ಬಾಟಲಿ ರಕ್ತ ಏರಿಸಿದರು. ತಂಗೆಮ್ಮ ಜೊತೆಗಿದ್ದಾಳೆ.

ಅದೇ ಡಾಕ್ಟರಬಾಯಿ ಬಂದರು. ಹೊಟ್ಟೆಯಲ್ಲಿ ಹುಣ್ಣಾಗಿದೆ, ಏನು ತಿಂದೆ ಎಂದು ಕೇಳಿದರು. ಅಂಗಡಿಯದು ಎಂದೆ. ಯಾವ ಅಂಗಡಿಯದು ಎಂದರು. ಮುಖ ಗೋಡೆಗೆ ತಿರುಗಿಸಿದೆ. ಬಾಯಿ ಬಿಟ್ಟರೆ ಬಣ್ಣಗೇಡು. "ನೀವು ಹೇಳ್ದೇ ಹೋದ್ರ ನಾ ಯಾವ ಔಷಧ ಕೊಟ್ರೂ ಕಣ್ಣ ಕಟ್ಕೊಂಡು ಕೊಟ್ಟಂಗ ಆಗ್ತದರಿ" ಎಂದು ನನ್ನ ಮಂಚದ ಅಂಚಿಗೇ ಕುಳಿತುಬಿಟ್ಟರು. ಮಗಳನ್ನು ಹೊರಗೆ ಕಳಿಸಿ ಹೇಳಿದೆ. ಅವರಿಗೆ ಹೇಳಿದ್ದನ್ನೇ ಈಗ ನಿಮಗೆ ಬರೆಯುತ್ತೇನೆ.

ಡಬ್ಬಿಯ ಗುಳಿಗೆ ತಿಂದವಳು ನಾನು. ಕುರಿಯ ಗುಳಿಗೆ. ಒರಳಲ್ಲಿ ಕುಟ್ಟಿ, ಚೂರು ಮಾಡಿ, ಬೆಲ್ಲದ ಜೊತೆ ನುಂಗುತ್ತಿದ್ದೆ. ಹೋದ ವರ್ಷ ಭಾಲ್ಕಿಯ ಡಾಕ್ಟರು ಏನೂ ಇಲ್ಲ ಎಂದು ಕಳಿಸಿದ ಮೇಲೆ ಶುರು ಮಾಡಿದೆ. ನೀವು ಹೊರಡುವ ಹಿಂದಿನ ದಿನ ಡಬ್ಬಿಯಿಂದ ಸೆರಗಿನ ತುಂಬ ತೆಗೆದು ಜೋಳದ ಮಡಕೆಯಲ್ಲಿ ಬಚ್ಚಿಟ್ಟೆ. ಬೀದರಿನ ಹೊಸ ಗುಳಿಗೆ ಬಿಟ್ಟ ಮೇಲೆ ಮತ್ತೆ ಅದನ್ನೇ ತಿಂದೆ, ಮುಂಚಿಗಿಂತ ಹೆಚ್ಚು ತಿಂದೆ.

ಯಾಕೆ ಎಂದು ನೀವು ಕೇಳುತ್ತೀರಿ. ಮನುಷ್ಯರ ಗುಳಿಗೆ ಬೇಕಾದರೆ ನಿಮ್ಮನ್ನು ಕೇಳಬೇಕು, ಅತ್ತೆಯವರನ್ನು ಕೇಳಬೇಕು, ಎಲ್ಲಿ ನೋಯುತ್ತದೆ ಎಂದು ತೋರಿಸಿ ಕೊಡಬೇಕು. ಕುರಿಯ ಗುಳಿಗೆಗೆ ಯಾರನ್ನೂ ಕೇಳಬೇಕಾಗಿರಲಿಲ್ಲ. ನಿಮ್ಮ ಹಿಂಡಿನಲ್ಲಿ ಕುರಿ ಒಂದು ಹೆಜ್ಜೆ ತಪ್ಪಿಟ್ಟರೂ ನೀವು ಓಡಿ ಹೋಗಿ ಕಾಲು ಎತ್ತಿ ನೋಡುತ್ತಿದ್ದಿರಿ. ಅದನ್ನು ನೋಡಿ ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಕುರಿಯ ಮೇಲೆ ಹೊಟ್ಟೆಕಿಚ್ಚು ಪಟ್ಟ ಹೆಂಗಸು ಎಂದು ನಗಬೇಡಿ, ಅಥವಾ ನಗಿ.

ಆ ಗುಳಿಗೆಯಿಂದ ನೋವು ಹೋಯಿತೇ? ಅದೂ ಇಲ್ಲ. ಏನೋ ಒಂದು ತಿಂದೆನಲ್ಲ ಎಂಬ ಧೈರ್ಯ, ಅಷ್ಟೇ. ಟಗರು ಹೋದದ್ದು ನನ್ನಿಂದ. ಗುಲಾಮ ರಸೂಲ ಸೇಠರ ತಲೆ ತಗ್ಗಿದ್ದೂ ನನ್ನಿಂದ. ನಿಮ್ಮ ಕಾಗದ ಬಂದಾಗಲೇ ಹೇಳಬೇಕಿತ್ತು, ಡಬ್ಬಿ ಉರುಳಿರಬಹುದು ಎಂದು ಬರೆದೆ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ, ನಾನು ಹೊಟ್ಟೆ ತುಂಬ ಉಂಡೆ. ಆ ಮನುಷ್ಯ ಉಣ್ಣುವುದು ಯಾವ ನ್ಯಾಯ?

ಡಾಕ್ಟರಬಾಯಿ ನಗಲಿಲ್ಲ. ಕುರಿಯ ಗುಳಿಗೆ ಎಂದು ಕೇಸ್ ಪೇಪರಿನಲ್ಲಿ ಬರೆದುಕೊಂಡರು. ಹುಣ್ಣಿಗೆ ಬೇರೆ ಔಷಧ ಕೊಟ್ಟಿದ್ದಾರೆ, ಅದು ಮಾಯುತ್ತ ಬಂದಂತೆ ಆ ಸಣ್ಣ ಗುಳಿಗೆಯನ್ನು ಮತ್ತೆ ಶುರು ಮಾಡುತ್ತಾರೆ. ಅದು ಹುಚ್ಚಿನದಲ್ಲ, ಮನಸ್ಸಿನ ಕಾಯಿಲೆಗೂ ಕೊಡುತ್ತಾರೆ, ಈ ನೋವಿಗೂ ಕೊಡುತ್ತಾರೆ ಎಂದು ಬಿಡಿಸಿ ಹೇಳಿದರು. ಈ ಸಲ ನಾನು ಬಿಡುವುದಿಲ್ಲ.

ನೀವು ಭಾಲ್ಕಿಗೆ ಬಂದು ಸೇಠರ ಹೆಸರು ತೊಳೆದು ಕೊಡಿ. ನನ್ನನ್ನು ನೋಡಲು ಬರುತ್ತೀರೋ ಇಲ್ಲವೋ ನಿಮಗೆ ಬಿಟ್ಟದ್ದು.

ಪುತಳಾ


ಭಾಲ್ಕಿ
29 ಮೇ 2003

ಪುತಳಾ,

ಚಾಂದ ಪಾಶಾನ ಟೆಂಪೋದಲ್ಲಿ ಭಾಲ್ಕಿಗೆ ಬಂದು, ಇಲ್ಲಿ ಅವನ ಮನೆಯ ಕಟ್ಟೆಯ ಮೇಲೆ ಕುಳಿತು ಬರೆಯುತ್ತಿದ್ದೇನೆ. ದವಾಖಾನೆಯಿಂದ ಬಿಟ್ಟರು, ಜನವಾಡದಲ್ಲಿ ಮಗಳ ಮನೆಯಲ್ಲಿದ್ದೀ ಎಂದು ತಿಳಿಯಿತು.

ಸೇಠನ ಕೆಲಸ ಮುಗಿಸಿದೆ. ಸಂತೆಯ ದಿನ ನಮ್ಮವರೆಲ್ಲ ಇದ್ದಾಗಲೇ ಅಂಗಡಿಗೆ ಹೋದೆ. ನಿನ್ನ ಹೆಸರು ಬಾಯಿಗೆ ಬರಲಿಲ್ಲ. ಕುರಿಯ ಗುಳಿಗೆ ನಾನೇ ತಿಂದೆ, ಮೊಳಕಾಲು ನೋವಿಗೆ, ಮಂದಿಗೆ ಹೇಳಲು ನಾಚಿ ಸುಳ್ಳು ಹೇಳಿದೆ ಎಂದೆ. ಯಾರೂ ನಗಲಿಲ್ಲ. "ಪಾಪ, ಎಷ್ಟ ನೋವ ಇದ್ದಿರಬೇಕು, ಗಂಡಸು ಮನುಷ್ಯ ಕುರಿ ಗುಳಗಿ ನುಂಗ್ಯಾನ ಅಂದ್ರ!" ಎಂದು ಎಲ್ಲರೂ ಮರುಗಿದರು. ಪಕ್ಕದ ಅಂಗಡಿಯ ಕರೀಮ ಸಾಬ ಮನೆಗೆ ಹೋಗಿ ನೋವಿನ ಎಣ್ಣೆ ತಂದುಕೊಟ್ಟ. ಗುಲಾಮ ರಸೂಲ ನನ್ನ ಕೈ ಹಿಡಿದು, "ನನಗ್ ಒಂದ್ ಮಾತ ಹೇಳಬಾರ್ದಿತ್ತೇನು ಹಣಮಂತಪ್ಪ? ಮನುಷ್ಯಾರ ಗುಳಗಿ ನಾನೇ ತಂದ್ ಕೊಡ್ತಿದ್ದೆ" ಎಂದು ಅತ್ತ.

ಹೀಗೆ ಎಲ್ಲವೂ ಸರಿಹೋಯಿತು. ಔರಾದದವರಿಗೂ ಏನೂ ತಿಳಿಯುವುದಿಲ್ಲ. ನೀನು ಸುಮ್ಮನಿರು. ಮಡೆಪ್ಪ ಒಬ್ಬನೇ ಹಿಂಡು ಕಾಯುತ್ತಿದ್ದಾನೆ, ನಾನು ಇವತ್ತೇ ತಿರುಗಿ ಹೋಗುತ್ತೇನೆ.

ಹಣಮಂತಪ್ಪ


ಹಲಬರ್ಗಾ
15 ಜೂನ್ 2003

ತಂಗೆಮ್ಮನ ಅಪ್ಪನವರಿಗೆ,

ನಿಮ್ಮ ಕಾಗದ ಓದಿ ಮೊದಲು ಅಳು ಬಂತು. ನನ್ನ ಮಾನ ಉಳಿಸಲು ನಿಮ್ಮ ಮಾನ ಕೊಟ್ಟಿರಿ ಎಂದು ಅತ್ತೆ. ಆಮೇಲೆ ಮತ್ತೊಮ್ಮೆ ಓದಿದೆ. ಸಿಟ್ಟು ಬಂತು.

ನಿಮ್ಮ ಮೊಳಕಾಲು ಒಂದು ದಿನವೂ ನೋಯಲಿಲ್ಲ. ಆದರೂ ನೀವು ನೋಯುತ್ತದೆ ಎಂದ ಕೂಡಲೇ ಇಡೀ ಸಂತೆ ನಂಬಿತು. ಎಕ್ಸರೇ ಕೇಳಲಿಲ್ಲ, ರಕ್ತ ಕೇಳಲಿಲ್ಲ. ಎಣ್ಣೆ ಬಂತು, ಕಣ್ಣೀರು ಬಂತು. ನಾನು ಇಷ್ಟು ವರ್ಷ ನಿಜವಾದ ನೋವು ಇಟ್ಟುಕೊಂಡು ಬಾಯಿ ಬಾಯಿ ಬಡಿದುಕೊಂಡರೂ ಒಬ್ಬರೂ ಪಾಪ ಅನ್ನಲಿಲ್ಲ. ನನಗೆ ಸಿಗಬೇಕಾದ ಆ ಒಂದು ಮಾತನ್ನೂ ನೀವೇ ಕಟ್ಟಿಕೊಂಡು ಹೋದಿರಿ. ಭಾಲ್ಕಿಯಿಂದ ಜನವಾಡ ಎಷ್ಟು ದೂರ? ಟೆಂಪೋ ಹತ್ತಿ ಬೋಧನಕ್ಕೆ ಹೋಗಲು ಆಯಿತು. ಕಂಬಳಿ ದಪ್ಪ ಎಂದು ಬರೆದಿದ್ದೆನಲ್ಲ, ಈಗ ಅದು ತಮಾಷೆಯಲ್ಲ.

ಅದಕ್ಕೇ ಹೋದ ಸಂತೆಗೆ ನಾನೇ ಭಾಲ್ಕಿಗೆ ಹೋದೆ. ತಂಗೆಮ್ಮ ಬೇಡ ಬೇಡ ಎಂದಳು. ಅಂಗಡಿಯ ಮುಂದೆ ನಮ್ಮವರೇ ಆರೇಳು ಜನ, ಇಬ್ಬರು ಹೆಂಗಸರು. ಸೆರಗು ಬಿಗಿದುಕೊಂಡು ಕಟ್ಟೆಯ ಹತ್ತಿರ ಹೋಗಿ ನಿಂತೆ. "ಸೇಠರ, ಆ ಗುಳಗಿ ನಮ್ಮನಿಯವ್ರು ತಿಂದಿಲ್ಲರಿ. ನಾ ತಿಂದೇನಿ. ಅವ್ರ ಮೊಳಕಾಲ ಗಟ್ಟಿ ಅವ" ಎಂದೆ. ಒಬ್ಬ ಕಿಸಕ್ಕನೆ ನಕ್ಕ. ಇನ್ನೊಬ್ಬ, "ಹೆಂಗಸು ಕುರಿ ಗುಳಗಿ ತಿಂದ್ರ ಮೈಮ್ಯಾಲ ಉಣ್ಣೆ ಬರ್ತದೇನು?" ಎಂದು ಕೇಳಿದ. ಎಲ್ಲರೂ ನಕ್ಕರು. ನೋಡಿದಿರಾ, ಅದೇ ಗುಳಿಗೆ.

ಗುಲಾಮ ರಸೂಲ ಸೇಠರು ನಗಲಿಲ್ಲ. ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಬಂದು ತಮ್ಮ ಸ್ಟೂಲು ಹಾಕಿದರು. "ಕುಂದರ್ರಿ ಅಕ್ಕಾ. ಎಲ್ಲಿ ನೋಯ್ತದರಿ?" ಎಂದು ಕೇಳಿದರು. ನಾನು ಅವರ ಹೆಸರಿಗೆ ಮಸಿ ಬಳಿದವಳು, ಅವರು ನನ್ನನ್ನು ಕೇಳಿದ ಮಾತು ಅದು. ಅತ್ತುಬಿಟ್ಟೆ.

ಈಗ ಹಲಬರ್ಗಾಕ್ಕೆ ಬಂದಿದ್ದೇನೆ. ಸುದ್ದಿ ನನಗಿಂತ ಮುಂಚೆ ಬಂದಿತ್ತು. ಅತ್ತೆಯವರು ಮಾತು ಬಿಟ್ಟಿದ್ದಾರೆ. ಔರಾದಕ್ಕೂ ಹೋಗಿರಬೇಕು, ಅಲ್ಲಿಂದ ಹೂಂ ಇಲ್ಲ, ಊಹೂಂ ಇಲ್ಲ. ಮಡೆಪ್ಪನ ಮುಂದೆ ನನಗೆ ತಲೆ ಎತ್ತಲಾಗುವುದಿಲ್ಲ, ಅದನ್ನು ಅವನಿಗೆ ಹೇಳಿ. ಸಣ್ಣ ಗುಳಿಗೆಯನ್ನು ಈಗ ಇಂಗಿನ ಡಬ್ಬಿಯಲ್ಲಿ ಇಟ್ಟಿಲ್ಲ, ದೇವರ ಗೂಡಿನ ಪಕ್ಕಕ್ಕೆ ಎಲ್ಲರಿಗೂ ಕಾಣುವ ಹಾಗೆ ಇಟ್ಟಿದ್ದೇನೆ. ನೋವು ಪೂರ್ತಿ ಹೋಗಿಲ್ಲ, ಹೋಗುವುದೂ ಇಲ್ಲವಂತೆ. ಆದರೆ ನಿದ್ದೆ ಬರುತ್ತದೆ. ನಿನ್ನೆ ಅರ್ಧ ಕೊಡ ನೀರು ತಂದೆ.

ಜುಲೈ ಮೊದಲ ಸೋಮವಾರ ಬೀದರಿಗೆ ತೋರಿಸಲು ಹೋಗಬೇಕು. ಇದನ್ನು ಸುಮ್ಮನೆ ತಿಳಿಸಿದೆ.

ಪುತಳಾ


ಬೋಧನದ ಕಡೆ
24 ಜೂನ್ 2003

ಪುತಳಾ,

ಇಲ್ಲಿ ನಿನ್ನೆ ನಾಲ್ಕು ಹನಿ ಬಿತ್ತು. ಊರ ಕಡೆ ಹಿಂಡು ತಿರುಗಿಸಿದ್ದೇವೆ.

ಈ ಕಾಗದವನ್ನು ಬರೆದು ಹರಿದು, ಬರೆದು ಹರಿದು, ಇದು ಎಷ್ಟನೆಯದೋ ಗೊತ್ತಿಲ್ಲ. ನಾಲ್ಕನೇ ಇಯತ್ತೆ ಕಲಿತವನಿಗೆ ಇಂಥದ್ದು ಬರೆಯಲು ಬರುವುದಿಲ್ಲ.

ಬಿಡಾರದಲ್ಲಿ ಎಲ್ಲರಿಗೂ ನಿಜ ಹೇಳಿದೆ. ಮಡೆಪ್ಪ ಎದ್ದು ಹೋಗಿ ಬೆಂಕಿಗೆ ಸೌದೆ ಒಟ್ಟಿದ. ಆಮೇಲೆ, "ವೈನಿಗಿ ಅಷ್ಟ ನೋಯ್ತಿತ್ತು, ನಿನಗ ಗೊತ್ತಾಗ್ಲಿಲ್ಲೇನು ಅಣ್ಣಾ?" ಎಂದು ಕೇಳಿದ. ಔರಾದದ ಮಾತು ಅವನು ಎತ್ತಲೇ ಇಲ್ಲ. ಗೊತ್ತಾಗಲು ನಾನು ನಿನ್ನನ್ನು ಒಮ್ಮೆಯೂ ಕೇಳಿರಲಿಲ್ಲ. ಭಾಲ್ಕಿಯಿಂದ ಜನವಾಡಕ್ಕೆ ನಾನು ಬರದೇ ಇದ್ದದ್ದೂ ಅದಕ್ಕೇ. ಹಿಂಡು ಒಂದು ನೆಪ. ನಿನ್ನ ಮುಖ ನೋಡಲು ನಾಚಿಕೆಯಾಗಿತ್ತು. ಕರೀಮ ಸಾಬ ಕೊಟ್ಟ ಎಣ್ಣೆಯನ್ನು ಹಚ್ಚಿಕೊಂಡಿಲ್ಲ, ಸೀಸೆ ಹಾಗೇ ಇದೆ. ಅದು ನಿನ್ನದು, ತರುತ್ತೇನೆ.

ಹಿಂಡನ್ನು ಮಡೆಪ್ಪನಿಗೆ ಒಪ್ಪಿಸಿ ಮುಂದೆ ಬರುತ್ತೇನೆ. ಆ ಸೋಮವಾರ ಬೀದರ ಬಸ್ ಸ್ಟ್ಯಾಂಡಿನಲ್ಲಿ ಇರುತ್ತೇನೆ. ಈ ಸಲ ಹೊರಗೆ ಚಹಾ ಕುಡಿಯುತ್ತ ಕುಳಿತುಕೊಳ್ಳುವುದಿಲ್ಲ. ನೀನು ಬೇಡ ಅನ್ನದಿದ್ದರೆ ಒಳಗೆ ಬರುತ್ತೇನೆ. ಡಾಕ್ಟರಬಾಯಿ ಎಲ್ಲೆಲ್ಲಿ ಒತ್ತುತ್ತಾರೋ ಅದನ್ನು ನಿಂತು ನೋಡಬೇಕು. ನಿನಗೆ ಎಲ್ಲಿ ನೋಯುತ್ತದೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಹಣಮಂತಪ್ಪ